ಏಟಿನ ಮರೆಯಲ್ಲಿ ತೆಗೆದ ಫೋಟೊಗಳು

ನಾನು ಸಂಗೀತ ಕಛೇರಿಗಳ ಫೋಟೊ ತೆಗೆಯುತ್ತೇನೆ. ಕೊಪ್ಪದಲ್ಲಿ ಯಾರಿಗಾದರೂ ಇದನ್ನು ಹೇಳಿದರೆ ಮೊದಲು ಬರುವ ಪ್ರಶ್ನೆ, "ಮದುವೇದೂ ತೆಗೀತೀಯಲ?" ಇಲ್ಲ ಅಂದರೆ ಎರಡನೆಯದು, "ಹಂಗಾರೆ ಹೊಟ್ಟೆಗೆಂತ ಮಾಡ್ತೀಯೆ?" ಮೂರನೆಯದನ್ನು ನನ್ನ ಬೆನ್ನ ಹಿಂದೆ ಕೇಳುತ್ತಾರೆ: "ಬಿ.ಎ. ಮಾಡಿ ಇದಕ್ಕೆ ಬಂದ್ಲನಾ?"

ಹೌದು, ಬಿ.ಎ. ಮಾಡಿದ್ದೇನೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರಿರಲಿಲ್ಲ. ಮೇಗುಂದದ ಕಡೆಯಿಂದ ಕೊಪ್ಪದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಒಂದು ಸ್ಟುಡಿಯೊದಲ್ಲಿ ಕೆಲಸ. ಪದವಿಯ ಕಾಗದಕ್ಕೆ ಚೌಕಟ್ಟು ಹಾಕಿಸಿ, ಬಾಗಿಲು ತೆಗೆದ ಕೂಡಲೇ ಕಾಣುವಂತೆ ಗೋಡೆಗೆ ಹೊಡೆದಿದ್ದೇನೆ. ಜಂಬ ಅನ್ನುವವರು ಅನ್ನಲಿ. ಜಂಬವೇ.

ಅಪ್ಪಯ್ಯ ಡೋಲು ಬಾರಿಸುವವನು. ದೊಡ್ಡಪ್ಪನದು ನಾಗಸ್ವರ. ಮದುವೆ, ಗೃಹಪ್ರವೇಶ, ದೇವಸ್ಥಾನದ ಉತ್ಸವ, ಎಲ್ಲಿ ಕರೆದರೂ ಹೋಗುತ್ತಾರೆ. ಊರವರ ಬಾಯಲ್ಲಿ ಇಬ್ಬರೂ ಸೇರಿ 'ವಾಲಗದೋರು'. ಸ್ಟುಡಿಯೊದಲ್ಲಿ ನನಗೆ ಕೊಟ್ಟ ಮೊದಲ ಕೆಲಸ ಕಂಪ್ಯೂಟರಿನಲ್ಲಿ ಮದುವೆ ಫೋಟೊಗಳ ಅಂಚು ಕತ್ತರಿಸುವುದು. ಧಾರೆಯ ಫೋಟೊದ ಮೂಲೆಯಲ್ಲಿ ಅರ್ಧ ಡೋಲು ಬಂದಿದ್ದರೆ ತೆಗೆಯಬೇಕು, ನಾಗಸ್ವರದ ತುದಿ ಇಣುಕಿದ್ದರೆ ತೆಗೆಯಬೇಕು. ಒಂದು ದಿನ ಹಾಗೆ ತೆಗೆಯಬೇಕಾದ ಅಂಚಿನಲ್ಲಿ ಒಂದು ತೋಳು ಇತ್ತು. ಕಟ್ಟಿದ್ದ ಕಪ್ಪು ದಾರದ ತಾಯಿತದಿಂದ ಗುರುತು ಹತ್ತಿತು. ಅಪ್ಪಯ್ಯನದು. ಅವತ್ತು ಆ ತೋಳನ್ನು ಕತ್ತರಿಸಿದೆ, ಯಾಕೆಂದರೆ ಆಲ್ಬಮ್ ಸಂಜೆಯೊಳಗೆ ಮುಗಿಯಬೇಕಿತ್ತು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಬರೆದದ್ದಕ್ಕೆ ಅರ್ಥವಿಲ್ಲ.

ಡಿಗ್ರಿ ಮುಗಿದ ವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮರಾ ಒಂದನ್ನು ತೆಗೆದುಕೊಂಡೆ. ಅದರ ಶಟರು ಬಿದ್ದರೆ ಬಾಗಿಲಿನ ಚಿಲಕ ಹಾಕಿದಂಥ ಸದ್ದು. ಅದೇ ವರ್ಷ ಕೊಪ್ಪದ ಒಂದು ಸಂಗೀತ ಸಮಿತಿಯವರು ಕರೆದರು. ಪ್ರತಿ ವರ್ಷ ಒಂದು ಕಲ್ಯಾಣ ಮಂಟಪದಲ್ಲಿ ಮೂರು ಸಂಜೆ ಕಛೇರಿ ಮಾಡಿಸುವವರು. ಸಮಿತಿಯ ಕಾರ್ಯದರ್ಶಿಗಳು ತೋಟಗದ್ದೆಯಿದ್ದ ಹಿರಿಯರು. ಸಂಗೀತದ ಮೇಲೆ ನಿಜವಾದ ಪ್ರೀತಿ ಇದ್ದವರೇ. ಅವರು ನನ್ನನ್ನು ಕೂರಿಸಿಕೊಂಡು ಕೆಲಸ ಹೇಳಿದರು.

"ನೋಡಮ್ಮ, ದೀಪ ಹಚ್ಚೋದು, ಹಾರ ಹಾಕೋದು, ಶಾಲು ಹೊದೆಸೋದು. ಶಾಲು ಹೊದೆಸುವಾಗ ಎಲ್ರೂ ನಿನ್ನ ಕಡೆ ತಿರುಗ್ತಾರೆ, ಆಗ ತೆಗಿ. ಮುಂದಿನ ಸಾಲಿನೋರದ್ದು ಒಂದೊಂದು. ಇಷ್ಟೇ."

"ಹಾಡೋದು ಸರ್?"

"ಹಾಡು ಶುರುವಾದ ಮೇಲೆ ನಿಂಗೆಂತ ಕೆಲಸ? ಒಳಗೆ ಕಾಫಿ ಇರುತ್ತೆ, ಕುಡಿ."

ನಾನು ಕಾಫಿಗೆ ಹೋಗಲಿಲ್ಲ. ಮೊದಲ ಸಂಜೆಯೇ ವೇದಿಕೆಯ ಬುಡದಲ್ಲಿ ಜಮಖಾನದ ಮೇಲೆ ಕೂತೆ. ಹೊರಗಿನಿಂದ ಬಂದಿದ್ದ ಹಿರಿಯ ಗಾಯಕರು ಕಣ್ಣು ಮುಚ್ಚಿ ಆಲಾಪನೆ ಶುರುಮಾಡಿದರು. ಮೃದಂಗದವರು ಕೈ ಕಟ್ಟಿ ಕೂತಿದ್ದರು, ತಂಬೂರಿಯೊಂದೇ ಹಿಂದಿನಿಂದ ನುಡಿಯುತ್ತಿತ್ತು. ಗಾಯಕರು ಎಡಗೈಯನ್ನು ಏನೋ ಹಗುರವಾದದ್ದನ್ನು ಎತ್ತುವವರ ಹಾಗೆ ಮೇಲೆ ತಂದರು. ಇಂಥ ಕೈ ಮತ್ತೆ ಬರುವುದಿಲ್ಲ ಅನ್ನಿಸಿತು. ಒತ್ತಿದೆ. ಇನ್ನೊಂದು ಒತ್ತಿದೆ. ಮೂರನೆಯದಕ್ಕೆ ಅವರು ಕಣ್ಣು ತೆರೆದು ಹಾಡು ನಿಲ್ಲಿಸಿದರು.

"ಅಮ್ಮಾ, ನಿಮ್ಮ ಮೆಷಿನ್ನಿನದು ಮುಗೀಲಿ. ಆಮೇಲೆ ನಾನು ಹಾಡ್ತೀನಿ."

ಸಭೆ ನಕ್ಕಿತು. ಕಾರ್ಯದರ್ಶಿಗಳು ಬಗ್ಗಿಕೊಂಡು ಬಂದು ನನ್ನನ್ನು ಎಬ್ಬಿಸಿ ಹಿಂದಿನ ಬಾಗಿಲವರೆಗೆ ಕರೆದುಕೊಂಡು ಹೋದರು. ಕೈ ಮುಟ್ಟಲಿಲ್ಲ, ದನಿ ಏರಿಸಲಿಲ್ಲ. ಬಾಗಿಲ ಹತ್ತಿರ ನಿಂತ ಇನ್ನೊಬ್ಬ ಸದಸ್ಯರಿಗೆ, ನನಗೂ ಕೇಳುವ ಹಾಗೆ, ಹೇಳಿದರು: "ವಾಲಗದೋರ ಮನೆ ಹುಡುಗಿ ಮಾರಾಯ. ಕಛೇರಿ ಅಂದ್ರೆ ಎಂತ ಅಂತ ಎಲ್ಲಿ ಗೊತ್ತಿರುತ್ತೆ?"

ಮರುದಿನ ಬೆಳಿಗ್ಗೆ ಅಪ್ಪಯ್ಯನಿಗೆ ಎಲ್ಲ ಹೇಳಿದೆ, ಆ ಕೊನೆಯ ಮಾತನ್ನೂ ಬಿಡದೆ. ಸಿಟ್ಟು ಬರಲಿ ಅಂತಲೇ ಹೇಳಿದ್ದು. ಅಪ್ಪಯ್ಯ ಅದನ್ನು ಕೇಳದವನ ಹಾಗೆ ಎಲೆಯಡಿಕೆಯ ಕವಳ ಹಾಕಿಕೊಂಡ.

"ತಪ್ಪು ನಿಂದೇ."

"ನಂದನಾ?"

"ಮತ್ತೆ? ಅವ್ರು ಹಾಡ್ತಾ ಇರುವಾಗ ನಡುವೆ ಹೋಗಿ ನೀ ಒಂದು ಏಟು ಹಾಕಿದ್ದು. ಅದು ಏಟೇ ಅಲ್ಲನಾ? ಡೋಲಿಂದಾದ್ರೆ ಎಂತ, ಕ್ಯಾಮರಾದ್ದಾದ್ರೆ ಎಂತ. ಏಟಿಗೆ ಅಂತ ಒಂದು ಜಾಗ ಇರ್ತದೆ ಮಾರಾಯ್ತಿ."

ಆ ಭಾನುವಾರ ಪಾಠ ಶುರುವಾಯಿತು. ಡೋಲಿನ ಅಬ್ಬರದಲ್ಲಿ ಕ್ಯಾಮರಾ ಏನು, ಕೋವಿ ಹೊಡೆದರೂ ಕೇಳುವುದಿಲ್ಲ. ಹಾಗಾಗಿ ಅಪ್ಪಯ್ಯ ಊಟದ ಮಣೆಯೊಂದನ್ನು ತಂದು ಮಗುಚಿ ಹಾಕಿ, ನನಗೆ ಬೆನ್ನು ತಿರುಗಿಸಿ ಕೂತು, ಬರೀ ಬೆರಳಿನಿಂದ ತಟ್ಟತೊಡಗಿದ. ಅವನು ತಟ್ಟುವ ಏಟಿನ ಮರೆಯಲ್ಲಿ ನಾನು ಬಟನ್ ಒತ್ತಬೇಕು. ಕ್ಯಾಮರಾದ ಸದ್ದು ಬೇರೆಯಾಗಿ ಕೇಳಬಾರದು. ಆಟದ ನಿಯಮ ಅಷ್ಟೇ.

"ಕೇಳ್ತು."

ಮತ್ತೆ ಒತ್ತಿದೆ.

"ಕೇಳ್ತು. ಏಟು ಕೇಳಿದ ಮೇಲೆ ಒತ್ತೋಳು ನೀನು. ಬಸ್ಸು ಹೋದ ಮೇಲೆ ಕೈ ಮಾಡಿದ ಹಾಂಗೆ. ಏಟು ಬರೋ ಜಾಗ ಮೊದ್ಲೇ ಗೊತ್ತಿರ್ಬೇಕು."

"ಹೆಂಗೆ ಗೊತ್ತಾಗ್ತದೆ?"

"ಎಣಿಸು. ತೊಡೆ ಮೇಲೆ ಕೈ ಹಾಕಿ ಎಣಿಸು. ಬಿ.ಎ. ಮಾಡಿದೀಯಲ, ಎಂಟರವರೆಗೆ ಬರಲ್ಲನಾ?"

ಎಷ್ಟು ಭಾನುವಾರ ಹೋದವೋ ಲೆಕ್ಕವಿಡಲಿಲ್ಲ. ಅಮ್ಮ ಮಣೆ ಕೇಳಿಕೊಂಡು ಬರುತ್ತಿದ್ದಳು, "ಅಪ್ಪ ಮಗಳ ಕಛೇರಿ ಮುಗೀದಿದ್ರೆ ನೆಲದ ಮೇಲೇ ಬಡಿಸ್ತೀನಿ" ಅನ್ನುತ್ತಿದ್ದಳು. ಒಂದು ದಿನ ಅಪ್ಪಯ್ಯ ತಟ್ಟುತ್ತಲೇ ಇದ್ದ, ನಾನು ಒತ್ತುತ್ತಲೇ ಇದ್ದೆ, "ಕೇಳ್ತು" ಅನ್ನುವ ಮಾತು ಬರಲೇ ಇಲ್ಲ. ಕೊನೆಗೆ ಅವನೇ ತಿರುಗಿ ನೋಡಿದ. "ಒತ್ತಿದ್ಯನೇ?"

ಹದಿನೇಳು ಫೋಟೊ ಇದ್ದವು. ಎಲ್ಲದರಲ್ಲೂ ಅಪ್ಪಯ್ಯನ ಬೆನ್ನು.

"ಆಲಾಪನೆಗೆ ಎಂತ ಮಾಡ್ಲಿ? ಆಗ ಏಟೇ ಇರಲ್ಲ."

"ಸುಮ್ನೆ ಕೂತ್ಕೊ. ಮೃದಂಗದೋರೂ ಸುಮ್ನೆ ಕೂತಿರ್ತಾರಲ. ಅವ್ರಿಗಿಂತ ನೀ ದೊಡ್ಡೋಳನಾ?"

ಕಲಿತದ್ದನ್ನು ಶೃಂಗೇರಿಯಲ್ಲಿ ರೂಢಿ ಮಾಡಿಕೊಂಡೆ. ಸಂಜೆ ಎಲ್ಲಿ ಕಛೇರಿ ಇದ್ದರೂ ಹೋಗಿ, ಅನುಮತಿ ಕೇಳಿ, ನೆಲದ ಮೇಲೆ ಕೂತು ತೊಡೆಯ ಮೇಲೆ ಎಣಿಸುತ್ತಿದ್ದೆ. ಕೊಪ್ಪಕ್ಕೆ ಕೊನೆಯ ಬಸ್ಸು ಹಿಡಿಯಬೇಕಾದ್ದರಿಂದ ಮಂಗಳ ಹಾಡುವುದನ್ನು ಕೇಳಿದ್ದೇ ಕಡಿಮೆ. ನನ್ನ ಆ ಕಾಲದ ಯಾವ ಕಛೇರಿಗೂ ಕೊನೆಯ ಫೋಟೊ ಇಲ್ಲ. ಒಂದು ಸಲ ಮಾತ್ರ ಬಸ್ಸು ತಡವಾಗುತ್ತದೆಂದು ಗೊತ್ತಾಗಿ ಉಳಿದೆ. ಮುಗಿದ ಮೇಲೆ ಮೃದಂಗದ ವಿದ್ವಾಂಸರು ಚೀಲಕ್ಕೆ ಮೃದಂಗ ತುಂಬುತ್ತಾ ನನ್ನನ್ನು ಕರೆದರು.

"ಏನಮ್ಮ, ನಿಮ್ಮ ಕ್ಯಾಮರಾ ನನ್ನ ಜೊತೆ ಸಮಕ್ಕೆ ಬೀಳ್ತಾ ಇತ್ತಲ್ಲ?"

"ಕೇಳ್ತಾ ಸರ್?"

"ಸಭೆಗೆ ಕೇಳಿಲ್ಲ. ನನ್ನ ಏಟು, ನನಗೆ ಕೇಳದೆ ಇರುತ್ತಾ? ತಾಳ ಯಾರ ಹತ್ರ ಕಲಿತದ್ದು?"

"ನಮ್ಮಪ್ಪಯ್ಯನ ಹತ್ರ. ಡೋಲು ಬಾರಿಸ್ತಾರೆ."

"ಅವರಿಗೆ ನನ್ನ ನಮಸ್ಕಾರ ಹೇಳಿ."

ಹೇಳಿದೆ. ಅಪ್ಪಯ್ಯ "ಹ್ಞೂಂ" ಅಂದು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ.

ಕೊಪ್ಪದ ಸಮಿತಿಯವರು ಮರುವರ್ಷ ಮತ್ತೆ ಕರೆದಿದ್ದರು. ಟಕ್ ಟಕ್ ಮಾಡುವುದಿಲ್ಲ ಅಂದರೆ ಬಾ, ಎಂಬ ಮಾತಿನ ಮೇಲೆ. ಎರಡು ವರ್ಷ ಅವರು ಹೇಳಿದ ಶಾಲು, ಹಾರ ಎಲ್ಲ ತೆಗೆದೆ, ಹಾಡನ್ನೂ ತೆಗೆದೆ. ಯಾರೂ ತಿರುಗಿ ನೋಡಲಿಲ್ಲ. ಮೊದಲ ವರ್ಷ ನನ್ನನ್ನು ಎಬ್ಬಿಸಿದ ಕಾರ್ಯದರ್ಶಿಗಳೇ ಪಿಟೀಲಿನವರ ಫೋಟೊ ನೋಡಿ, "ಇದು ನಂಗೊಂದು ಬೇಕು, ಮನೆಗೆ" ಅಂದರು. ಅಂದದ್ದನ್ನು ಬರೆಯಬೇಕು, ಬರೆದಿದ್ದೇನೆ.

ಆಮೇಲೆ ಬಂದದ್ದು ಅವರ ಇಪ್ಪತ್ತೈದನೇ ವರ್ಷ. ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಗಿತ್ತು. ಆ ಮೂರು ದಿನ ಬರುವ ಕಲಾವಿದರೆಲ್ಲರ ಫೋಟೊ ಒಂದೊಂದು ಪುಟಕ್ಕೆ. ಫೋಟೊಗಳೆಲ್ಲ ನನ್ನವೇ. ಅದೇ ವರ್ಷ ಮಂಗಳವಾದ್ಯಕ್ಕೆ ಅಪ್ಪಯ್ಯನನ್ನೂ ದೊಡ್ಡಪ್ಪನನ್ನೂ ಹೇಳಿದ್ದರು.

ಈ ಮಂಗಳವಾದ್ಯದ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ. ಸಭೆ ಶುರುವಾಗುವ ಮೊದಲು ವಾಲಗದವರು ಮಂಟಪದ ಹೊರಬಾಗಿಲಲ್ಲಿ ಕೂತು ನುಡಿಸಬೇಕು. ಬರುವವರು ಅವರ ಮುಂದೆ ಚಪ್ಪಲಿ ಬಿಡುತ್ತಾ, ಮಾತಾಡುತ್ತಾ ಒಳಗೆ ಹೋಗುತ್ತಾರೆ. ಮುಖ್ಯ ಅತಿಥಿ ಬಂದು ಕೂತ ಮೇಲೆ ಒಳಗಿನಿಂದ ಯಾರೋ ಒಬ್ಬರು ಕೈ ಎತ್ತಿ ಸಾಕು ಅನ್ನುತ್ತಾರೆ. ರಾಗ ಎಲ್ಲಿಗೆ ಬಂದಿದ್ದರೂ ಅಲ್ಲಿಗೆ ನಿಲ್ಲಿಸಬೇಕು. ಅಪ್ಪಯ್ಯನ ಇಡೀ ಆಯುಷ್ಯದಲ್ಲಿ ಹೀಗೆ ಅರ್ಧಕ್ಕೆ ನಿಂತ ತಾಳಗಳನ್ನು ಸೇರಿಸಿದರೆ ಒಂದು ಊರಿಗೆ ಆಗುವಷ್ಟು ಇರಬಹುದು.

ಅವತ್ತು ಐದು ಗಂಟೆಗೆ ಅವರಿಬ್ಬರೂ ಬಾಗಿಲ ಬದಿಯಲ್ಲಿ ಕೂತರು. ನಾನು ಅವರ ಎದುರು, ಚಪ್ಪಲಿಗಳ ನಡುವೆ ಸ್ವಲ್ಪ ಜಾಗ ಮಾಡಿಕೊಂಡು ನೆಲಕ್ಕೆ ಕೂತೆ. ಅಪ್ಪಯ್ಯನ ಬಲಗೈ ಬೆರಳುಗಳಿಗೆ ಗಟ್ಟಿ ಬಟ್ಟೆಯ ಟೋಪಿಗಳು, ಎಡಗೈಯಲ್ಲಿ ಕೋಲು. ನನ್ನನ್ನು ನೋಡಿ ಅವನ ಹುಬ್ಬು ಮೇಲೆ ಹೋಯಿತು, ಅಷ್ಟೇ. ಎಣಿಸಿದೆ, ಒತ್ತಿದೆ. ಡೋಲಿನ ಎದುರಿಗೆ ಎಣಿಸುವ ಅಗತ್ಯವೇ ಇರಲಿಲ್ಲ. ಆದರೂ ಎಣಿಸಿದೆ.

ಕಾರ್ಯದರ್ಶಿಗಳು ಒಳಗಿನಿಂದ ಓಡಿಬಂದರು. "ಇಲ್ಲೆಂತ ತೆಗೀತಿದೀಯೆ? ಮುಖ್ಯ ಅತಿಥಿ ಹಿಂದಿನ ಬಾಗಿಲಿಂದ ಬಂದಾಯ್ತು. ದೀಪ ಹಚ್ತಾರೆ, ಬಾ."

"ಕಛೇರಿ ಶುರುವಾಗಿದೆ ಸರ್."

"ಎಲ್ಲಿ?"

"ಇಲ್ಲೇ."

ಅವರು ನನ್ನನ್ನು ಒಮ್ಮೆ, ಅಪ್ಪಯ್ಯನನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಬಾಗಿಲ ಬಳಿ ನಿಂತು ಕೈ ಎತ್ತಿದರು. ದೊಡ್ಡಪ್ಪ ನಾಗಸ್ವರ ಇಳಿಸಿದ. ಅಪ್ಪಯ್ಯ ಒಂದು ಏಟು ಹಾಕಿ ಮುಗಿಸಲು ನೋಡಿದ. ಆ ಕೈ ಇನ್ನೂ ಎತ್ತಿಯೇ ಇತ್ತು. ನಿಲ್ಲಿಸಿದ. ನಾನು ಎದ್ದು ಒಳಗೆ ಹೋಗುವಷ್ಟರಲ್ಲಿ ದೀಪ ಹಚ್ಚಿ ಆಗಿತ್ತು.

ಇಪ್ಪತ್ತೈದನೇ ವರ್ಷದ ದೀಪದ ಫೋಟೊ ಇಲ್ಲ! ಸಮಿತಿಯವರೆಲ್ಲ ದೀಪದ ಸುತ್ತ ಸೇರಿ ಪಿಸುಗುಟ್ಟಿದರು. ಉರಿಯುವ ದೀಪವನ್ನು ಆರಿಸಿ ಮತ್ತೆ ಹಚ್ಚುವುದು ಅಪಶಕುನ. ಕೊನೆಗೆ ಮುಖ್ಯ ಅತಿಥಿಗಳ ಕೈಗೆ ಮೇಣದಬತ್ತಿ ಕೊಟ್ಟು, ಆಗಲೇ ಉರಿಯುತ್ತಿದ್ದ ಬತ್ತಿಗೆ ಮುಟ್ಟಿಸಿ ನಗಲು ಹೇಳಿದರು. ಅವರು ನಕ್ಕರು. ತೆಗೆದೆ. ಆ ಫೋಟೊ ಬಹಳ ಚೆನ್ನಾಗಿ ಬಂದಿದೆ.

ಜಗಳವಾದದ್ದು ಎರಡು ವಾರದ ನಂತರ, ಸಂಚಿಕೆಗೆ ಫೋಟೊ ಕೊಡಲು ಹೋದಾಗ. ಕಲಾವಿದರ ಫೋಟೊಗಳ ಜೊತೆಗೆ ಮಂಗಳವಾದ್ಯದ್ದನ್ನೂ ಇಟ್ಟಿದ್ದೆ. ಕಾರ್ಯದರ್ಶಿಗಳು ಅದೊಂದನ್ನು ಬೆರಳಲ್ಲಿ ಬದಿಗೆ ಸರಿಸಿದರು.

"ಇದು ಬೇಡ."

"ಕಲಾವಿದರ ಪುಟಕ್ಕೆ ಸರ್."

"ಅದು ಕಾರ್ಯಕ್ರಮ ಅಲ್ಲಮ್ಮ, ಶಾಸ್ತ್ರ. ಬಾಗಿಲಿಗೆ ತೋರಣ ಕಟ್ಟಿದ್ವಿ, ತೋರಣಕ್ಕೆ ಒಂದು ಪುಟ ಕೊಡಕ್ಕಾಗುತ್ತಾ?"

"ತೋರಣ ತಾಳ ಹಾಕಲ್ಲ ಸರ್."

ಅವರಿಗೆ ಸ್ವಲ್ಪ ನಗು ಬಂತು, ಅದನ್ನು ನುಂಗಿಕೊಂಡರು. "ನಿಮ್ಮಪ್ಪ ಅಂತ ನೀನು ಹೇಳ್ತೀಯ. ಅದು ನಂಗೂ ಅರ್ಥ ಆಗುತ್ತೆ."

"ಹೌದು, ನಮ್ಮಪ್ಪಯ್ಯನೇ. ಬೇರೆ ಯಾರೇ ಕೂತಿದ್ರೂ ಇದನ್ನೇ ಹೇಳ್ತಿದ್ದೆ ಅಂತ ಸುಳ್ಳು ಹೇಳಲ್ಲ. ನಮ್ಮಪ್ಪಯ್ಯ ಕೂತದ್ದಕ್ಕೇ ಹೇಳೋ ಧೈರ್ಯ ಬಂತು. ಇವರದ್ದೊಂದು ಪುಟ ಹಾಕಿ. ಇಲ್ಲ ಅಂದ್ರೆ ಉಳಿದದ್ದೂ ಇಲ್ಲ."

"ಮೇಡಂ," ಅಂದರು. ಅವರು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. "ಕೊಪ್ಪದಲ್ಲಿ ಮೊಬೈಲಿಲ್ಲದೋರು ಯಾರೂ ಇಲ್ಲ. ನೀವು ಹೊರಡಿ."

ಫೋಟೊಗಳನ್ನು ಕವರಿಗೆ ಹಾಕಿಕೊಂಡು ಹೊರಟೆ. ಆ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಂಡಿರಲಿಲ್ಲ, ಹಾಗಾಗಿ ಯಾರಿಗೂ ಲೆಕ್ಕ ಹೇಳಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪಯ್ಯ ಮೆಚ್ಚುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಕೆಂಪಾಯಿತು.

"ನಿನ್ನತ್ರ ಇದನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ನಾಳೆ ನಮ್ಮನ್ನ ಕರೀದಿದ್ರೆ? ನಿಂಗೆ ಡಿಗ್ರಿ ಇದೆ, ಇದಲ್ಲದಿದ್ರೆ ಇನ್ನೊಂದು. ನಂಗೆ ಇದೊಂದೇ. ಅಣ್ಣಂಗೂ ಇದೊಂದೇ. ನಿನ್ನ ಪೌರುಷಕ್ಕೆ ನನ್ನ ಡೋಲು ಯಾಕೆ ಬೇಕಿತ್ತು?"

ಅವನನ್ನು ಕೇಳದೆ ಅವನ ಪರವಾಗಿ ಜಗಳವಾಡಿದ್ದೆ. ಅದು ತಪ್ಪು ಅಂತ ಈಗಲೂ ಒಪ್ಪುತ್ತೇನೆ. ಜಗಳ ತಪ್ಪು ಅಂತ ಒಪ್ಪುವುದಿಲ್ಲ. ಅಪ್ಪಯ್ಯ ಕೆಲವು ದಿನ ನನ್ನೊಡನೆ ಅಮ್ಮನ ಮೂಲಕ ಮಾತಾಡಿದ. "ನಿನ್ನ ಮಗಳ ಹತ್ರ ಹೇಳು, ನಲ್ಲಿ ತಿರುಗ್ಸಿಲ್ಲ ಅಂತ."

ಸಂಚಿಕೆ ಬಂತು. ಮೊಬೈಲಿನಲ್ಲಿ ತೆಗೆದ ಫೋಟೊಗಳು. ಗಾಯಕರೊಬ್ಬರ ಮುಖದ ತುಂಬ ಮೈಕು. ಶಾಲು ಹೊದೆಸುವ ಫೋಟೊ ಎಂಟು ಇದ್ದವು, ನಾಲ್ಕರಲ್ಲಿ ಹೊದೆಸುವವರ ಕಣ್ಣು ಮುಚ್ಚಿತ್ತು. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಅಪ್ಪಯ್ಯ ಹೆದರಿದಂತೆ ಅವನನ್ನೂ ದೊಡ್ಡಪ್ಪನನ್ನೂ ಕರೆಯಲಿಲ್ಲ. ಬಾಗಿಲಲ್ಲಿ ಸ್ಪೀಕರಿಟ್ಟು ನಾಗಸ್ವರದ ರೆಕಾರ್ಡು ಹಾಕಿದರಂತೆ. ಅದನ್ನು ಅಪ್ಪಯ್ಯನಿಗೆ ದೊಡ್ಡಪ್ಪ ಹೇಳಿದಾಗ ನಾನು ಅಲ್ಲೇ ಇದ್ದೆ. ಅಪ್ಪಯ್ಯ ಕೇಳಿದ: "ಅದನ್ನ ನಿಲ್ಸಕ್ಕೂ ಕೈ ಎತ್ತಿದ್ರನಾ?"

ಆಮೇಲೆ ನನ್ನ ಕಡೆ ತಿರುಗಿದ. "ನಿನ್ನ ಹತ್ರ ಇದೆಯಲ ಆ ಫೋಟೊ. ಅದನ್ನ ಎಂತ ಮಾಡ್ತೀಯ?"

ಏನು ಮಾಡಬೇಕೆಂದು ನರಸಿಂಹರಾಜಪುರದ ಒಂದು ಶಾಲೆಯ ಸಂಗೀತ ಟೀಚರ್ ಹೇಳಿಕೊಟ್ಟರು. ಶೃಂಗೇರಿಯ ಕಛೇರಿಗಳಲ್ಲಿ ನನ್ನನ್ನು ನೋಡಿದ್ದವರು ಅವರು. "ನಮ್ಮ ಮಕ್ಕಳು ಮೃದಂಗವನ್ನು ಮೊಬೈಲಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ. ನಿಮ್ಮ ಫೋಟೊ ತಂದು ನಮ್ಮ ಹಾಲಿನಲ್ಲಿ ಹಾಕಿ" ಅಂದರು. ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪಿನಲ್ಲೇ ಮೂವತ್ತು ಫೋಟೊ ಸಿಕ್ಕಿಸಿದೆ. ಹೆಸರಾಂತ ಗಾಯಕರೂ ಇದ್ದರು, ತಂಬೂರಿಯ ಹಿಂದೆ ಯಾರೂ ಗಮನಿಸದೆ ಕೂರುವವರೂ ಇದ್ದರು. ಎಲ್ಲಕ್ಕಿಂತ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದು ಅಪ್ಪಯ್ಯನದು. ಅದಕ್ಕೆ ಕ್ಲಿಪ್ಪು ಸಾಲದೆ ಮೊಳೆ ಹೊಡೆಯಬೇಕಾಯಿತು. ಕೆಳಗೆ 'ಕಲಾವಿದರು' ಅಂತ ಕೈಯಲ್ಲೇ ಬರೆದೆ.

ಅಪ್ಪಯ್ಯ ಬಿಳಿ ಪಂಚೆ ಉಟ್ಟು ನನ್ನ ಜೊತೆಗೇ ಬಸ್ಸಿನಲ್ಲಿ ಬಂದಿದ್ದ. ಉಳಿದ ಇಪ್ಪತ್ತೊಂಬತ್ತನ್ನು ಒಂದೊಂದಾಗಿ ನೋಡಿ, ಕೊನೆಗೆ ತನ್ನದರ ಮುಂದೆ ನಿಂತ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ನಾನು ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದೆ.

"ಇಲ್ಲಿ ಬಾರೆ. ಇದು ತಪ್ಪೇಟು."

"ಎಂತದು?"

"ಎರಡೂ ಕೈ ಒಟ್ಟಿಗೆ ಮೇಲಿದೆ ನೋಡು. ಆ ತಾಳದಲ್ಲಿ ಹಾಂಗಿರೋ ಜಾಗವೇ ಇಲ್ಲ. ನೀ ಚಪ್ಪಲಿ ಮಧ್ಯ ಬಂದು ಕೂತು ಮುಖಕ್ಕೇ ಹಿಡಿದ್ಯಲ, ಕೈ ತಪ್ಪಿತು. ನೀ ಒತ್ತಿದ್ದು ಸರಿಯಾದ ಜಾಗಕ್ಕೇ. ನಾ ಬಾರಿಸ್ಲಿಲ್ಲ." ಅವನ ದನಿಯಲ್ಲಿ ನಿಜವಾದ ಗಾಬರಿ ಇತ್ತು. "ತೆಗಿ ಇದನ್ನ. ಯಾರಾದ್ರೂ ಬಲ್ಲೋರು ನೋಡಿದ್ರೆ ಮರ್ಯಾದೆ ಹೋಗ್ತದೆ. ಆ ಸಂಚಿಕೇಲಿ ಹಾಕ್ದೆ ಇದ್ದಿದ್ದು ಒಳ್ಳೇದೇ ಆಯ್ತು."

ಈ ಒಂದು ಫೋಟೊಗಾಗಿ ಒಂದು ಸಮಿತಿಯನ್ನು ಕಳೆದುಕೊಂಡಿದ್ದೆ, ಅಪ್ಪಯ್ಯನ ಕೆಲಸವನ್ನೂ ಕಳೆದಿದ್ದೆ.

"ತೆಗಿಯಲ್ಲ," ಅಂದೆ.

"ತೆಗಿ ಅಂದೆ."

"ಮೊಳೆ ಹೊಡ್ದಾಗಿದೆ ಅಪ್ಪಯ್ಯ. ತಪ್ಪಿದ್ರೆ ಸರಿ ಯಾವ್ದು ಅಂತ ನೀನೇ ಹೇಳು ಎಲ್ರಿಗೂ."

ಅಷ್ಟರಲ್ಲಿ ಮಕ್ಕಳು ಸುತ್ತ ಸೇರಿದ್ದರು. ಒಬ್ಬಳು ಫೋಟೊ ನೋಡಿ, ಅಪ್ಪಯ್ಯನನ್ನು ನೋಡಿ, "ಇದು ನೀವೇ ಅಲ್ವಾ?" ಅಂದಳು.

"ನಾನೇ. ಆದ್ರೆ ಏಟು ತಪ್ಪಿದೆ," ಅಂದ ಅಪ್ಪಯ್ಯ. ಸುತ್ತ ನೋಡಿ ಒಂದು ಬೆಂಚು ಎಳೆದುಕೊಂಡು, ಪಂಚೆ ಸರಿಮಾಡಿಕೊಂಡು ಕೂತ. "ಸರಿ ಹೆಂಗೆ ಅಂತ ಕೇಳಿ. ತೊಡೆ ಮೇಲೆ ಕೈ ಇಡಿ. ಎಂಟರವರೆಗೆ ಬರ್ತದಲ?"

ಬೆಂಚಿನ ಮೇಲೆ ಬರಿಗೈಯಲ್ಲಿ ಶುರುಮಾಡಿದ. ಮಕ್ಕಳು ಎಣಿಸಿದರು, ತಪ್ಪಿದರು, ನಕ್ಕರು, ಮತ್ತೆ ಹಿಡಿದರು. ನಿಧಾನಕ್ಕೆ ಅಪ್ಪಯ್ಯ ಅವರನ್ನು ಮರೆತ. ಬೆಂಚು ಡೋಲಾಯಿತು. ನಾನು ಎದುರಿಗೆ ನೆಲದ ಮೇಲೆ ಕೂತು ಕ್ಯಾಮರಾ ತೆಗೆದೆ. ಈಗಿನದು ಸದ್ದೇ ಮಾಡದ ಕ್ಯಾಮರಾ, ಯಾವಾಗ ಒತ್ತಿದರೂ ನಡೆಯುತ್ತದೆ. ಆದರೂ ನನ್ನ ಬೆರಳಿಗೆ ಏಟಿನ ಹೊರಗೆ ಒತ್ತಲು ಬರುವುದಿಲ್ಲ.

ಪೀರಿಯಡ್ ಮುಗಿಯುವ ಹೊತ್ತಾಗಿತ್ತು. ಟೀಚರ್ ಗಡಿಯಾರ ನೋಡಿದರು. ಬೆಲ್ ಹೊಡೆಯುವವರು ಬಾಗಿಲಿಗೆ ಬಂದು ಅವರ ಮುಖ ನೋಡಿದರು. ಟೀಚರ್ ಕೈ ಎತ್ತಲು ಹೊರಟದ್ದು ನನಗೆ ಕಾಣಿಸಿತು. ನಾನು ತಲೆ ಅಲ್ಲಾಡಿಸಿದೆ, ಬೇಡ. ಅವರು ಎತ್ತಿದ್ದ ಕೈಯನ್ನು ಹಾಗೇ ತಂದು ತಮ್ಮ ತೊಡೆಯ ಮೇಲಿಟ್ಟು ಎಣಿಸತೊಡಗಿದರು. ಬೆಲ್ ಆಗಲಿಲ್ಲ.

ಅಪ್ಪಯ್ಯ ಪೂರ್ತಿ ಬಾರಿಸಿದ. ಮೂರು ಸಲ ಮುಕ್ತಾಯ ಹಾಕಿ, ಕೊನೆಯ ಏಟು ಹೊಡೆದು, ತಾನೇ ನಿಲ್ಲಿಸಿದ. ಆ ಏಟಿಗೆ ನಾನೂ ಒತ್ತಿದೆ.